ಒಲೆಯ ಪಕ್ಕದ ಫೋಟೋ

"ಒಲೆ ಮುಟ್ಟಿದ್ರೆ ನೋಡಿ!"

ಕಲ್ಲಿದ್ದಲಿನ ಸಲಿಕೆ ಅಡ್ಡ ಹಿಡಿದು ವಾನ್‌ಚಿಂಗ್ ಬಾಗಿಲಲ್ಲೇ ನಿಂತಿದ್ದಳು. ಅಳತೆ ಟೇಪು ಹಿಡಿದು ಬಂದಿದ್ದ ಎತ್ತರದ ಯುವಕ ಒಂದು ಹೆಜ್ಜೆ ಹಿಂದೆ ಸರಿದ.

"ಮುಟ್ಟಲ್ಲ ಅಕ್ಕಾ. ಕೋಣೆ ಅಳತೆ ತಗೊಂಡು ಹೋಗ್ತೀನಿ, ಅಷ್ಟೇ."

"ಅಕ್ಕಾನಾ? ನಿಮಗಿಂತ ದೊಡ್ಡೋಳ ಥರ ಕಾಣ್ತೀನಾ ನಾನು?"

"ಸಲಿಕೆ ಹಿಡ್ಕೊಂಡಿರೋರೆಲ್ಲ ನಂಗೆ ಅಕ್ಕಂದಿರೇ!"

ನಗಬಾರದು ಅಂದುಕೊಂಡಳು. ನಕ್ಕೇಬಿಟ್ಟಳು!

ಅವನ ಹೆಸರು ದೇಶುನ್. ಮನೆಗಳಿಗೆ ಹೀಟ್ ಪಂಪ್, ಅಂದರೆ ಕರೆಂಟಿನಿಂದ ಮನೆ ಬಿಸಿ ಮಾಡುವ ಯಂತ್ರ, ಕೂರಿಸುವ ಕೆಲಸ. ಆ ವರ್ಷ ಬೀಜಿಂಗ್‌ನ ಉತ್ತರದ ಬೆಟ್ಟಗಳಲ್ಲಿ ಶಿಮೆನ್ ಹಳ್ಳಿಯ ಸರದಿ ಬಂದಿತ್ತು. ಕಲ್ಲಿದ್ದಲಿನ ಒಲೆ ಒಪ್ಪಿಸಿದ ಮನೆಗೆ ಹೀಟ್ ಪಂಪ್, ಖರ್ಚಿನ ಬಹುಪಾಲು ಸರ್ಕಾರದ ಸಬ್ಸಿಡಿ. ಆದರೆ ಒಲೆ ಹೊರಗೆ ಹೋಗುವಾಗ ಮನೆಯವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಆ ಫೋಟೋ ಏಳು ದಿನ ಹಳ್ಳಿ ಸಮಿತಿಯ ಗೋಡೆಯ ಮೇಲಿರುತ್ತದೆ. ಅಷ್ಟರಲ್ಲಿ ಯಾರಾದರೂ ತಕರಾರು ಹಾಕಿದರೆ ವಿಚಾರಣೆ ಮುಗಿಯುವ ತನಕ ಯಂತ್ರ ಓಡಿಸುವಂತಿಲ್ಲ.

ವಾನ್‌ಚಿಂಗ್‌ಗೆ ಯಂತ್ರದ ಮೇಲೆ ಸಿಟ್ಟೇನೂ ಇರಲಿಲ್ಲ. ಚಿಂತೆಯೆಲ್ಲ ಅಜ್ಜಿಯದು. ತಂದೆತಾಯಿ ಇಲ್ಲದ ಅವಳನ್ನು ಸಾಕಿ ಬೆಳೆಸಿದ ಅಜ್ಜಿ, ಚಳಿಗಾಲದ ನಾಲ್ಕು ತಿಂಗಳೂ ಕೋಣೆಯೊಳಗಿನ ಇಟ್ಟಿಗೆಯ ಬಿಸಿ ಜಗಲಿಯ ಮೇಲೆಯೇ ಇರುವವಳು. ಒಲೆಯ ಹೊಗೆ ಜಗಲಿಯ ಹೊಟ್ಟೆಯೊಳಗೆ ಹಾದು ಹೋಗುತ್ತಿದ್ದರಿಂದಲೇ ಅವಳ ಬೆನ್ನುನೋವು ಹಿಡಿತದಲ್ಲಿತ್ತು.

"ಯಂತ್ರ ಕೋಣೆ ಬಿಸಿ ಮಾಡುತ್ತೆ ಸರಿ. ನನ್ನ ಬೆನ್ನು ಯಾರು ಬಿಸಿ ಮಾಡ್ತಾರೆ?" ಎಂದು ಅಜ್ಜಿ ಒಳಗಿನಿಂದಲೇ ಕೂಗಿದಳು.

ದೇಶುನ್ ಒಳಗೆ ಬಂದು ಜಗಲಿಯ ಮುಂದೆ ಮಂಡಿಯೂರಿ ಕೂತ. ಇಟ್ಟಿಗೆಗಳ ಮೇಲೆ ಅಂಗೈ ಇಟ್ಟು ನೋಡಿದ.

"ಅಜ್ಜೀ, ನಿಮ್ಮ ಬೆನ್ನಿನ ಜವಾಬ್ದಾರಿ ನಂದು."

ಎಂಥ ಮಾತು! ಇಪ್ಪತ್ತೆಂಟು ವರ್ಷದಲ್ಲಿ ಆ ಮನೆಯ ಜವಾಬ್ದಾರಿ ನನ್ನದು ಎಂದು ಯಾವ ಗಂಡಸೂ ಹೇಳಿರಲಿಲ್ಲ. ವಾನ್‌ಚಿಂಗ್ ಸಲಿಕೆಯನ್ನು ಮೂಲೆಗಿಟ್ಟಳು.

ಆಮೇಲೆ ಅವನು ಬರುತ್ತಲೇ ಇದ್ದ. ಒಮ್ಮೆ ಅಳತೆ ಮರೆತೆ ಅಂತ, ಒಮ್ಮೆ ಟೇಪು ಮರೆತೆ ಅಂತ. ಅವಳು ಒಲೆಯ ಬೂದಿಯಲ್ಲಿ ಸುಟ್ಟ ಗೆಣಸು ಕೊಟ್ಟರೆ ಬೆರಳು ಸುಟ್ಟುಕೊಂಡೇ ತಿನ್ನುತ್ತಿದ್ದ.

ನವೆಂಬರ್ ಶುರುವಾಯಿತು. ಚಳಿಗಾಲಕ್ಕೆಂದು ಅಂಗಳದಲ್ಲಿ ಕೋಸು ಒಟ್ಟಿದ್ದಾಯಿತು. ದೇಶುನ್ ಬರುವುದು ಮಾತ್ರ ನಿಂತೇ ಹೋಯಿತು...

ಸುದ್ದಿ ತಂದವಳು ಪಕ್ಕದ ಮನೆಯ ದುವಾನ್ ಚಿಕ್ಕಮ್ಮ. ಅವಳ ಬಾಯಿಗೆ ಬಾಗಿಲೂ ಇಲ್ಲ, ಅಗುಳಿಯೂ ಇಲ್ಲ.

"ನಿಮ್ಮ ಪಂಪಿನ ಹುಡುಗ ಲಿಹುವಾ ಮನೇಲೇ ಬಿಡಾರ ಹೂಡಿದಾನಲ್ಲೇ! ಮಧ್ಯಾಹ್ನ ಹೋದ್ರೆ ಸಂಜೇನೇ ಬರೋದು. ಗಂಡ ಸತ್ತ ಮನೆ, ಮಾವ ಹಾಸಿಗೆ ಹಿಡಿದವ್ನೆ. ನಂಗ್ಯಾಕಪ್ಪಾ ಊರ ಉಸಾಬರಿ..."

"ನಂಗೂ ಯಾಕೆ? ಅವನೇನು ನಮ್ಮ ನೆಂಟನಾ?" ಎಂದಳು ವಾನ್‌ಚಿಂಗ್. ಕಡುಬು ಮಡಿಸುತ್ತಿದ್ದ ಅವಳ ಕೈಯಲ್ಲಿ ಹಿಟ್ಟು ಹರಿದು ಹೂರಣ ಹೊರಬಂದಿತ್ತು.

ಮಾರನೇ ದಿನ ಉಪ್ಪು ತರುವ ನೆಪದಲ್ಲಿ ಲಿಹುವಾಳ ಬೀದಿಗೇ ಹೋದಳು. ಮನೆಯಲ್ಲಿ ಎರಡು ಡಬ್ಬ ಉಪ್ಪಿತ್ತು! ಗೋಡೆಯಾಚೆಯಿಂದ ದೇಶುನ್‌ನ ನಗು ಕೇಳಿಸಿತು. ಹಿಂದೆಯೇ ಲಿಹುವಾಳ ನಗು.

'ನನ್ನ ಹತ್ತಿರ ಯಾವತ್ತಾದರೂ ಇಷ್ಟು ಜೋರಾಗಿ ನಕ್ಕಿದ್ದನಾ? ಗೆಣಸು ತಿನ್ನೋಕೆ ಇಲ್ಲಿ, ನಗೋಕೆ ಅಲ್ಲಿ!'

ಹೊಟ್ಟೆಕಿಚ್ಚಿಗೆ ಕಲ್ಲಿದ್ದಲು ಬೇಕಿಲ್ಲ. ಅದು ತಾನೇ ಉರಿಯುತ್ತದೆ.

ಮೂರನೇ ದಿನ ಸಮಿತಿಯ ಗೋಡೆಯ ಮೇಲೆ ಹೊಸ ಫೋಟೋಗಳು ಬಂದವು. ಹನ್ನೊಂದನೆಯದು ಲಿಹುವಾಳ ಮನೆಯದು. ಒಲೆಯ ಈಚೆ ತುದಿ ಹಿಡಿದು ಲಿಹುವಾ, ಆಚೆ ತುದಿ ಹಿಡಿದು ದೇಶುನ್! ಇಬ್ಬರ ಮುಖಕ್ಕೂ ಮಸಿ, ಇಬ್ಬರ ಮುಖದಲ್ಲೂ ನಗು.

"ಮದುವೆ ಫೋಟೋ ಥರಾನೇ ಬಂದಿದೆ ಕಣ್ರೇ!" ಎಂದರು ಯಾರೋ ಹಿಂದಿನಿಂದ.

ವಾನ್‌ಚಿಂಗ್‌ಗೆ ಕಿವಿ ಬಿಸಿಯಾಯಿತು. ಮನೆಯವರು ನಿಲ್ಲಬೇಕಾದ ಜಾಗದಲ್ಲಿ ಅವನು! ಹಿಂದುಮುಂದು ನೋಡದೆ ನೇರ ಒಳಗೆ ಹೋಗಿ ತಕರಾರು ಅರ್ಜಿ ತೆಗೆದುಕೊಂಡಳು. 'ಹನ್ನೊಂದನೇ ಫೋಟೋದಲ್ಲಿರುವ ಗಂಡಸು ಆ ಮನೆಯವನಲ್ಲ' ಎಂದು ಬರೆದು, ಕೆಂಪು ಶಾಯಿಯಲ್ಲಿ ಹೆಬ್ಬೆಟ್ಟು ಒತ್ತಿದಳು. ಗುಮಾಸ್ತ ಅವಳನ್ನು ನೋಡಿದ, ಕಾಗದವನ್ನು ನೋಡಿದ, ಫೈಲಿಗೆ ಹಾಕಿದ.

ಆ ಸಂಜೆ ಅವಳಿಗೆ ಹಾಯಾಗಿತ್ತು. ಪಾಪ, ಒಂದೇ ಒಂದು ಸಂಜೆ.

ಎರಡು ದಿನಕ್ಕೆ ಹಿಮ ಬಿತ್ತು. ಬೆಳಗ್ಗೆಯೇ ದೇಶುನ್ ಬಂದ. ಕಣ್ಣು ಕೆಂಪಾಗಿತ್ತು.

"ಒಂದು ದಪ್ಪ ರಜಾಯಿ ಇದ್ರೆ ಕೊಡ್ತೀಯಾ? ಲಿಹುವಾ ಅತ್ತಿಗೆ ಮನೆಗೆ. ಯಾರೋ ಪುಣ್ಯಾತ್ಮರು ತಕರಾರು ಹಾಕಿದಾರೆ. ವಿಚಾರಣೆ ಮುಗಿಯೋ ತನಕ ಯಂತ್ರ ಹಾಕೋ ಹಾಗಿಲ್ಲ. ಒಲೆ ಆಗಲೇ ಹೋಯ್ತು. ಅಲ್ಲಿ ಅವರ ಮಾವ ಸೂನ್ ಮೇಸ್ತ್ರಿ ನಡುಗ್ತಾ ಬಿದ್ದಿದಾರೆ."

ಅತ್ತಿಗೆ! ಅವನು ಅವಳನ್ನು ಅತ್ತಿಗೆ ಅನ್ನುತ್ತಾನೆ...

'ಒಲೆಯೂ ಇಲ್ಲ, ಯಂತ್ರವೂ ಇಲ್ಲ. ಏನು ಮಾಡಿಬಿಟ್ಟೆ ನಾನು?'

"ನೀನು ಕೆಲಸಕ್ಕೆ ಹೋಗು. ನಾನೇ ಕೊಟ್ಟು ಬರ್ತೀನಿ" ಎಂದಳು. ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಎರಡು ರಜಾಯಿ, ಒಂದು ಡಬ್ಬ ಬಿಸಿ ಕಡುಬು ಹೊತ್ತು ಲಿಹುವಾಳ ಮನೆಗೆ ಹೋದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಜಗಲಿಯ ಅರ್ಧ ಭಾಗ ಬಿಚ್ಚಿತ್ತು. ಇಟ್ಟಿಗೆಗಳ ನಡುವೆ ಬಿಳಿಯ ಪೈಪು ಹಾವಿನಂತೆ ಸುತ್ತಿ ಮಲಗಿತ್ತು. ಉಳಿದರ್ಧದ ಮೇಲೆ ಲಿಹುವಾಳ ಮಾವ ಸೂನ್ ಮೇಸ್ತ್ರಿ ಮುದುರಿ ಮಲಗಿದ್ದ. ಊರಿನ ಜಗಲಿಗಳನ್ನೆಲ್ಲ ಕಟ್ಟಿದ ಕೈ ಈಗ ಅಲುಗಾಡುತ್ತಿರಲಿಲ್ಲ.

"ಯಾರು? ಆ ಗೆಣಸಿನ ಹುಡುಗೀನಾ?" ಎಂದ ಮುದುಕ.

"ಗೆಣಸಿನ... ಅಂದ್ರೆ?"

ರಜಾಯಿ ಹೊದಿಸುತ್ತಾ ಲಿಹುವಾ ನಕ್ಕಳು. "ಇನ್ನೇನು! ದಿನಾ ಅದೇ ಪುರಾಣ. ವಾನ್‌ಚಿಂಗ್ ಸುಟ್ಟ ಗೆಣಸು, ವಾನ್‌ಚಿಂಗ್ ಹಿಡಿದ ಸಲಿಕೆ, ವಾನ್‌ಚಿಂಗ್ ಅಜ್ಜಿ ಬೆನ್ನು. ಕೇಳಿ ಕೇಳಿ ನಾವು ನಕ್ಕಿದ್ದೇ ನಕ್ಕಿದ್ದು."

"ಹೊಗೆ ಬದಲು ಬಿಸಿನೀರು ಹರಿಸಿದ್ರೆ ಜಗಲಿ ಕಾಯುತ್ತಾ ಅಂತ ಕೇಳ್ಕೊಂಡು ಬಂದ" ಎಂದ ಮೇಸ್ತ್ರಿ. "ಮೊದಲು ನನ್ನ ಜಗಲಿ ಒಡೆದು ನೋಡು, ಕೆಟ್ರೆ ನಂದೇ ಕೆಡಲಿ ಅಂದೆ. ಮಲಗಿದಲ್ಲಿಂದ ನಾನು ಹೇಳ್ದೆ, ಅವನು ಇಟ್ಟಿಗೆ ಜೋಡಿಸ್ದ. ಒಲೆ ಎತ್ತೋ ದಿನ ನಂಗೆ ಏಳೋಕಾಗಲಿಲ್ಲ, ಅದಕ್ಕೇ ಒಂದು ತುದಿ ಅವನು ಹಿಡ್ದ. ಅದನ್ನೂ ತಪ್ಪು ಅಂದ್ರಲ್ಲಮ್ಮಾ ಈ ಊರೋರು!"

ವಾನ್‌ಚಿಂಗ್ ಮುಖ ಮುಚ್ಚಿಕೊಂಡು ಅತ್ತಳು.

"ಊರೋರಲ್ಲ ತಾತಾ... ನಾನು. ತಕರಾರು ಹಾಕಿದ್ದು ನಾನೇ."

ಲಿಹುವಾಳ ನಗು ನಿಂತಿತು.

"ಅತ್ತು ಉಪಯೋಗ ಇಲ್ಲ. ಹೋಗು, ವಾಪಸ್ ತಗೋ. ಮಾವ ಚಳಿಲಿದಾರೆ."

ಅವಳು ಓಡಿದಳು. ಹಿಮದಲ್ಲಿ ಎರಡು ಸಲ ಜಾರಿದಳು.

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ವಾಪಸ್ ತಗೊಂಡ್ರೆ ಇವತ್ತೇ ಯಂತ್ರ ಚಾಲೂ ಮಾಡಿಸ್ತೀನಿ. ಆದ್ರೆ ತಕರಾರು ಯಾಕೆ ಹಾಕಿದ್ರಿ ಅನ್ನೋ ಕಾರಣ ಬರೀಬೇಕು. ಅದೂ ಏಳು ದಿನ ಗೋಡೆ ಮೇಲಿರುತ್ತೆ. ಯೋಚನೆ ಮಾಡಿ. ತಪ್ಪು ತಿಳುವಳಿಕೆ ಅಂತ ಬರೆದ್ರೂ ನಡೆಯುತ್ತೆ."

ಅವಳು ಪೆನ್ನು ತೆಗೆದುಕೊಂಡಳು. ಊರೆಲ್ಲ ಓದುತ್ತದೆ. ದುವಾನ್ ಚಿಕ್ಕಮ್ಮ ಓದುತ್ತಾಳೆ. ಅವನು ಓದುತ್ತಾನೆ... ಆದರೆ ಸುಳ್ಳು ಬರೆದರೆ ಲಿಹುವಾಳ ಹೆಸರಿಗೆ ಹತ್ತಿದ ಮಸಿ ಹೋಗುತ್ತದೆಯೇ?

ಕಾರಣದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: 'ಲಿಹುವಾ ಅಕ್ಕನ ತಪ್ಪಿಲ್ಲ. ನನ್ನ ಹೊಟ್ಟೆಕಿಚ್ಚು.' ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಸಂಜೆಗೆ ಲಿಹುವಾಳ ಅಂಗಳದಲ್ಲಿ ಪಂಪು ಗುಂಯ್ ಎನ್ನತೊಡಗಿತು. ಅದೇ ಹೊತ್ತಿಗೆ ಊರೂ ಗುಂಯ್ ಎನ್ನತೊಡಗಿತ್ತು.

ಮರುದಿನವಿಡೀ ವಾನ್‌ಚಿಂಗ್ ಹೊರಗೆ ಬರಲಿಲ್ಲ. ಅದರ ಮರುದಿನ ಗೇಟು ಬಡಿದ ಸದ್ದಾಯಿತು. ದೇಶುನ್! ಹಿಂದೆ ಪೈಪಿನ ಸುರುಳಿ ಹೊತ್ತ ಗಾಡಿ, ಕ್ಯಾಮೆರಾ ಹಿಡಿದ ಗುಮಾಸ್ತ.

"ಮೇಸ್ತ್ರಿ ಜಗಲಿ ಕಾದಿದೆ. ಇವತ್ತು ಅಜ್ಜಿದು" ಎಂದ ಅವನು. ದನಿ ಗಡುಸಾಗಿತ್ತು. "ಗೋಡೆ ಮೇಲಿನ ಕಾಗದ ಓದ್ದೆ."

"ಬೈಯ್ಯಿ. ನಂಗೆ ಹಾಗೇ ಆಗಬೇಕು."

"ಬೈಯ್ಯೋಕೇ ಹೊರಟಿದ್ದೆ. ಆ ಮುದುಕರು ಎರಡು ದಿನ ನಡುಗಿದ್ರು ವಾನ್‌ಚಿಂಗ್." ಅವನು ತಲೆ ತಗ್ಗಿಸಿದ. "ಆದ್ರೆ ನಂದೂ ತಪ್ಪಿದೆ. ಜಗಲಿ ಕಾಯುತ್ತೋ ಇಲ್ವೋ ಗೊತ್ತಿರಲಿಲ್ಲ. ಸುಮ್ನೆ ಅಜ್ಜಿಗೆ ಆಸೆ ಹುಟ್ಟಿಸಬಾರದು ಅಂತ ಹೇಳ್ಲೇ ಇಲ್ಲ. ನಿಂಗಾದ್ರೂ ಹೇಳಬೇಕಿತ್ತು."

"ಮಾತು ಸಾಕು, ಬೆನ್ನು ತಣ್ಣಗಾಗ್ತಿದೆ!" ಎಂದಳು ಅಜ್ಜಿ ಒಳಗಿನಿಂದ.

ಇಬ್ಬರೂ ಸೇರಿ ಒಲೆಯನ್ನು ಅಂಗಳಕ್ಕೆ ತಂದರು. ಗುಮಾಸ್ತ ಕ್ಯಾಮೆರಾ ಎತ್ತಿದ. ದೇಶುನ್ ಕೈ ಒರೆಸಿಕೊಂಡು ದೂರ ಸರಿದ.

"ಯಾಕೆ ಹೋಗ್ತಿದೀಯಾ?" ಎಂದಳು ವಾನ್‌ಚಿಂಗ್.

"ಮನೆಯವರು ಮಾತ್ರ ನಿಲ್ಲಬೇಕು. ಆ ನಿಯಮ ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅವಳ ಕೆನ್ನೆ ಕೆಂಪೇರಿತು. ಆದರೂ ಮಸಿ ಮೆತ್ತಿದ ಅವನ ತೋಳು ಹಿಡಿದು ಒಲೆಯ ಪಕ್ಕಕ್ಕೆ ಎಳೆದಳು.

"ಗೊತ್ತಿದ್ದೇ ಹೇಳ್ತಿದೀನಿ. ನಿಂತ್ಕೋ."

ಅವನು ಅವಳನ್ನೇ ನೋಡುತ್ತ ನಿಂತ. ಮೆಲ್ಲಗೆ ಕೇಳಿದ, "ಏಳು ದಿನದಲ್ಲಿ ಯಾರಾದ್ರೂ ತಕರಾರು ಹಾಕಿದ್ರೆ?"

"ಹಾಕ್ಲಿ ನೋಡೋಣ!" ಎಂದಳು ವಾನ್‌ಚಿಂಗ್. "ಸಲಿಕೆ ಇನ್ನೂ ನನ್ನ ಹತ್ರಾನೇ ಇದೆ."