ತಿಮಿಂಗಿಲದ ಹೊಟ್ಟೆ

"ಹೊಟ್ಟೆನಾ?" ಅಂದ ರೇಡಿಯೋ.

ಊಟದ ಡಬ್ಬಿ ಮುಚ್ಚುತ್ತಿದ್ದವರೆಲ್ಲ ಕೈ ನಿಲ್ಲಿಸಿ ಅಳಿಲು ಅನ್ನುವ ಹುಡುಗಿಯ ಕಡೆ ತಿರುಗಿದರು.

"ಹೂಂ. ನಮ್ಮಮ್ಮ ತಿಮಿಂಗಿಲದ ಹೊಟ್ಟೆ," ಅಂದಳು ಅಳಿಲು. ಇನ್ನೇನು ಹೇಳುವುದು? ನಿಜ ಅದೇ ಆಗಿತ್ತು.

ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿತು. ಒಬ್ಬ ಅಂಗಿಯೊಳಗೆ ಸ್ಕೂಲ್ ಬ್ಯಾಗು ತುರುಕಿಕೊಂಡು ಬೆಂಚುಗಳ ನಡುವೆ ಈಜಾಡಿದ. ಅಳಿಲಿನ ಕಿವಿ ಕೆಂಪಗಾಯಿತು. ಮುಂದಿನ ಎರಡು ಹಲ್ಲು ಕೊಂಚ ಉದ್ದ ಇದ್ದುದರಿಂದ ಅವಳಿಗೆ ಆ ಅಡ್ಡಹೆಸರು. ರೇಡಿಯೋಗೆ ಆ ಹೆಸರು ಯಾಕೆ ಬಂತೆಂದು ಅವನ ಪಕ್ಕ ಐದು ನಿಮಿಷ ಕೂತವರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ದಾರಿ ತಪ್ಪಿ ನದಿಯೊಳಗೆ ಬಂದುಬಿಟ್ಟ ತಿಮಿಂಗಿಲದ ಕಾರ್ಟೂನ್ ಸಿನಿಮಾವನ್ನು ಆ ಕ್ಲಾಸಿನಲ್ಲಿ ನೋಡದವರೇ ಇರಲಿಲ್ಲ. ರೇಡಿಯೋ ಹನ್ನೆರಡು ಸಲ ನೋಡಿದ್ದ. ಈಗ ಅದೇ ಕತೆ ಹಾಡು, ಕುಣಿತ ಎಲ್ಲ ಸೇರಿ ನಾಟಕವಾಗಿತ್ತು. ಗುರುವಾರ ಮಧ್ಯಾಹ್ನ ಮಿಸ್ ಎಲ್ಲರನ್ನೂ ಕರೆದುಕೊಂಡು ಹೋಗುವವರಿದ್ದರು. ಸುದ್ದಿ ಕೇಳಿದ ಕೂಡಲೇ ಅಳಿಲು, ಅದರಲ್ಲಿ ನಮ್ಮಮ್ಮನೂ ಇದ್ದಾಳೆ ಅಂತ ಜಂಬ ಕೊಚ್ಚಿಕೊಂಡಳು. ಯಾವ ಪಾರ್ಟು ಅಂತ ರೇಡಿಯೋ ಕೇಳಿದಾಗ ಸಿಕ್ಕಿಬಿದ್ದಳು. ಪೋಸ್ಟರಿನಲ್ಲಿ ದೋಣಿ ಹುಡುಗಿಯ ಮುಖ ಇದೆ, ಕ್ಯಾಪ್ಟನ್ ಮುಖ ಇದೆ, ನಿಮ್ಮಮ್ಮನ ಮುಖ ಎಲ್ಲಿದೆ ಅಂತ ಅವನು ಕೇಳಿದ. ಇವಳು ರೀಲು ಬಿಡುತ್ತಿದ್ದಾಳೆ ಅಂತ ತೀರ್ಪನ್ನೂ ಅವನೇ ಕೊಟ್ಟ.

ಅಳಿಲಿನ ಅಮ್ಮನ ಕೆಲಸ ಬೊಂಬೆ ಆಡಿಸುವುದು. ಈ ಬೊಂಬೆ ಸ್ಕೂಲ್ ಬಸ್ಸಿನಷ್ಟು ಉದ್ದ. ಬೆತ್ತದ ಚೌಕಟ್ಟು, ಅದರ ಮೇಲೆ ತೆಳುವಾದ ಬಟ್ಟೆ. ತಲೆಗೊಬ್ಬರು, ರೆಕ್ಕೆಗಿಬ್ಬರು, ಬಾಲಕ್ಕೆ ಮೂವರು. ಹೊಟ್ಟೆಗೆ ಅಮ್ಮ. ಎರಡು ಕೋಲು ಹಿಡಿದು ಅವಳು ತಿಮಿಂಗಿಲಕ್ಕೆ ಉಸಿರಾಡಿಸುತ್ತಿದ್ದಳು. ಅವಳ ಉಸಿರು ಕೇಳಿಸಿಕೊಂಡೇ ಉಳಿದ ಆರೂ ಜನ ಹೆಜ್ಜೆ ಇಡುತ್ತಿದ್ದರು.

ಆ ಸಂಜೆ ಅಮ್ಮ ಬೂದು ಬಣ್ಣದ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದಳು. ಅಳಿಲು ಮೇಜಿನ ತುದಿಗೆ ಒರಗಿಕೊಂಡು ನಿಂತಳು.

"ಗುರುವಾರ ಒಂದೇ ಒಂದು ಸಲ ನನ್ನ ಕಡೆ ನೋಡಿ ಕೈ ಎತ್ತಮ್ಮ. ಮೂರನೇ ಸಾಲಲ್ಲಿ ಕೂತಿರ್ತೀನಿ."

"ಎರಡೂ ಕೈಲಿ ಕೋಲು ಇರುತ್ತಲ್ಲ ಮರಿ."

"ಹಾಗಾದ್ರೆ ನೋಡಿ ನಕ್ಕುಬಿಡು. ಅಷ್ಟು ಸಾಕು."

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನೇರ ನಿಲ್ಲಿಸಿದಳು. "ನಮ್ಮ ಮುಖಕ್ಕೆ ಮುಸುಕಿಲ್ಲ. ನಾವು ಏಳೂ ಜನ ಎಲ್ಲರಿಗೂ ಕಾಣ್ತೀವಿ. ಆದ್ರೂ ಜನ ತಿಮಿಂಗಿಲಾನೇ ನೋಡ್ತಾರೆ. ಯಾಕೆ ಹೇಳು? ನಾವು ಅದನ್ನೇ ನೋಡ್ತಿರ್ತೀವಿ, ಅದಕ್ಕೆ. ನಾನು ನಿನ್ನ ಕಡೆ ನೋಡಿದ್ರೆ ಅಷ್ಟೂ ಜನ ನಿನ್ನ ಕಡೆ ತಿರುಗ್ತಾರೆ. ಆಗ ತಿಮಿಂಗಿಲ ಬರೀ ಬಟ್ಟೆ ಆಗಿಬಿಡುತ್ತೆ."

ಅಳಿಲಿಗೆ ಬೇಕಾಗಿದ್ದದ್ದೇ ಅದು. ಅಷ್ಟೂ ಜನ ತಿರುಗಬೇಕು, ಮುಖ್ಯವಾಗಿ ರೇಡಿಯೋ ತಿರುಗಬೇಕು. ಅದನ್ನು ಬಾಯಿಬಿಟ್ಟು ಹೇಳದೆ ಮುಖ ಊದಿಸಿಕೊಂಡು ಒಳಗೆ ಹೋದಳು. ಬೀರುವಿನಿಂದ ಕೆಂಪು ಸ್ಕಾರ್ಫು ತೆಗೆದು ಬ್ಯಾಗಿನಲ್ಲಿಟ್ಟುಕೊಂಡಳು. ತಿಮಿಂಗಿಲ ಮರಳ ಮೇಲೆ ಬಂದು ಬೀಳುತ್ತದಲ್ಲ, ಆಗ ಅಮ್ಮ ನೇರ ಎದುರಿಗೇ ಇರುತ್ತಾಳೆ. ಎದ್ದು ನಿಂತು ಇದನ್ನು ಬೀಸಿದರೆ ನೋಡದೆ ಎಲ್ಲಿ ಹೋಗುತ್ತಾಳೆ?

ಗುರುವಾರ ಥಿಯೇಟರು ಭರ್ತಿಯಾಗಿತ್ತು. ಆರುನೂರು ಕುರ್ಚಿ ಅಂತ ಮಿಸ್ ಹೇಳಿದ್ದರು. ಬೇರೆ ಸ್ಕೂಲಿನ ಮಕ್ಕಳು, ಮೊಮ್ಮಕ್ಕಳನ್ನು ಕರೆತಂದ ಅಜ್ಜಿ ತಾತಂದಿರು, ಆಗಲೇ ಅಳಲು ಶುರುಮಾಡಿದ ಒಂದು ಪಾಪು. ದೀಪ ಆರಿತು. ವೇದಿಕೆಯ ಮುಂದಿನ ತಗ್ಗಿನಲ್ಲಿ ಕೂತ ವಾದ್ಯದವರು ಶುರುಮಾಡಿದರು.

ರೇಡಿಯೋ ಕೂಡ ಶುರುಮಾಡಿದ. ದೋಣಿ ಹುಡುಗಿ ಬಾಯಿ ತೆರೆಯುವ ಮೊದಲೇ ಅವಳ ಡೈಲಾಗು ಹೇಳಿಬಿಡುತ್ತಿದ್ದ. ಸಿನಿಮಾದಲ್ಲಿ ಅವಳ ಕಣ್ಣು ಇನ್ನೂ ದೊಡ್ಡದು, ಸಿನಿಮಾದಲ್ಲಿ ದೋಣಿಗೆ ಹಸಿರು ಬಣ್ಣ, ಸಿನಿಮಾದಲ್ಲಿ ಹಾಗಿಲ್ಲ, ಹೀಗಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಎರಡು ಸಲ ತಿರುಗಿ ನೋಡಿದರು. ಅವನಿಗೆ ಅದು ಲೆಕ್ಕಕ್ಕೇ ಇಲ್ಲ.

ತಿಮಿಂಗಿಲ ಬಂತು.

"ಕಾಲು ಕಾಣ್ತಿದೆ," ಅಂದ ರೇಡಿಯೋ. "ಒಟ್ಟು ಹದಿನಾಲ್ಕು."

ಹಿಂದೆಲ್ಲೋ ಒಂದು ಚಿಕ್ಕ ಮಗು, ಅದನ್ನು ಯಾಕೆ ಅಷ್ಟು ಜನ ಎತ್ಕೊಂಡಿದ್ದಾರೆ ಅಂತ ಎಲ್ಲರಿಗೂ ಕೇಳಿಸುವ ಹಾಗೆ ಕೇಳಿತು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ದೊಡ್ಡವರೂ ನಕ್ಕರು. ಅಳಿಲಿಗೆ ಕುರ್ಚಿಯೊಳಗೇ ಇಳಿದುಹೋಗಬೇಕು ಅನ್ನಿಸಿತು. ಹೊಟ್ಟೆಯ ಪಕ್ಕ ಅಮ್ಮನ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ಅದೇ ನಮ್ಮಮ್ಮ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ಆದರೆ ಆ ನಗುವಿನ ಮಧ್ಯೆ ಹೇಳಲಾಗದೆ ನುಂಗಿಕೊಂಡಳು.

ಬೆಳಕು ನೀಲಿಗೆ ತಿರುಗಿತು. ತಿಮಿಂಗಿಲ ನಿಧಾನವಾಗಿ ಒಂದು ಸುತ್ತು ಹಾಕಿತು. ಬಾಲ ಮೇಲಕ್ಕೆದ್ದು ಮುಂದಿನ ಸಾಲುಗಳ ತಲೆಯ ಮೇಲಿಂದ ಹಾದುಹೋಯಿತು. ಅದರ ಗಾಳಿ ಅಳಿಲಿನ ಮುಖಕ್ಕೂ ತಾಗಿತು. ಯಾರೋ "ಅಬ್ಬಾ" ಅಂದರು. ಅಳುತ್ತಿದ್ದ ಪಾಪು ಸುಮ್ಮನಾಯಿತು. ತುಂಬಾ ಹೊತ್ತಾದ ಮೇಲೆ ಅಳಿಲಿಗೆ ಹೊಳೆಯಿತು, ರೇಡಿಯೋ ಡೈಲಾಗು ಹೇಳುವುದನ್ನು ಯಾವಾಗಲೋ ಬಿಟ್ಟಿದ್ದ.

ಕೊನೆಗೆ ಮರಳಿನ ದೃಶ್ಯ. ಸಿನಿಮಾದಲ್ಲಿ ಇಲ್ಲಿ ಜೋರು ಮಳೆ, ಜೋರು ಹಾಡು. ನಾಟಕದಲ್ಲಿ ಎಲ್ಲ ವಾದ್ಯಗಳೂ ಒಮ್ಮೆಗೇ ನಿಂತುಬಿಟ್ಟವು. ನೀರಿಲ್ಲದ ಮರಳಿನಲ್ಲಿ ತಿಮಿಂಗಿಲ ಬಿದ್ದಿತ್ತು. ಅದರ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಬಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು.

ಅಳಿಲು ಸ್ಕಾರ್ಫನ್ನು ಮುಷ್ಟಿಯಲ್ಲಿ ಹಿಡಿದು ಅರ್ಧ ಎದ್ದಳು. ಅಮ್ಮ ನೇರ ಎದುರಿಗಿದ್ದಳು. ಈಗ ಬೀಸಿದರೆ ಆಯಿತು.

ಅಮ್ಮನ ಕಣ್ಣು ತಿಮಿಂಗಿಲದ ಮೇಲಿತ್ತು. ಅಳಿಲಿಗೆ ಜ್ವರ ಬಂದಾಗ ಹಾಸಿಗೆಯ ಪಕ್ಕ ಕೂತು ನೋಡುವ ಹಾಗೆ ನೋಡುತ್ತಿದ್ದಳು. ಅಮ್ಮ ಇಷ್ಟು ಕಳವಳದಿಂದ ನೋಡುತ್ತಿರುವುದು ಏನನ್ನು ಅಂತ ಅಳಿಲೂ ಅಲ್ಲಿಗೇ ನೋಡಿದಳು.

ಹೊಟ್ಟೆ ಎದ್ದಿತು, ಇಳಿಯಿತು. ಸ್ವಲ್ಪ ತಡೆದು ಮತ್ತೆ ಎದ್ದಿತು. ಈ ಸಲ ಇನ್ನೂ ತಡ. ಮತ್ತೊಂದು ಸಲ, ಎದ್ದಿತೋ ಇಲ್ಲವೋ ಅನ್ನುವಷ್ಟು ಮಾತ್ರ. ಆಮೇಲೆ ನಿಂತುಹೋಯಿತು.

ರೇಡಿಯೋ ಅವಳ ಕೈಯನ್ನು ಸ್ಕಾರ್ಫಿನ ಸಮೇತ ಗಟ್ಟಿಯಾಗಿ ಹಿಡಿದುಕೊಂಡ.

"ಸಾಯಲ್ಲ ಅಲ್ವಾ?" ಅಂದ. ಹನ್ನೆರಡು ಸಲ ನೋಡಿದವನು.

ಅಳಿಲಿಗೂ ಕತೆ ಗೊತ್ತಿತ್ತು. ಆ ಬೆತ್ತಕ್ಕೆ ಅಮ್ಮ ಅಂಟು ಹಚ್ಚುವುದನ್ನು, ಹರಿದ ಬಟ್ಟೆ ಹೊಲಿಯುವುದನ್ನು ಹತ್ತಿರದಿಂದಲೇ ನೋಡಿದ್ದಳು. ಆದರೂ ಇನ್ನೊಂದು ಕೈಯಿಂದ ಅವನ ಕೈಯನ್ನು ಬಿಗಿಯಾಗಿ ಹಿಡಿದಳು. ಮುಂದಿನ ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಆರುನೂರು ಜನರಲ್ಲಿ ಒಬ್ಬರೂ ಉಸಿರಾಡುತ್ತಿರಲಿಲ್ಲ.

ಹೊಟ್ಟೆ ಏಳಲೇ ಇಲ್ಲ.

ಆಮೇಲೆ, ತೀರಾ ಸಣ್ಣಗೆ, ಎದ್ದಿತು.

ಇಡೀ ಥಿಯೇಟರು ಒಟ್ಟಿಗೇ ಉಸಿರು ಬಿಟ್ಟಿತು. ಅಷ್ಟು ದೊಡ್ಡ ಉಸಿರನ್ನು ಅಳಿಲು ಎಂದೂ ಕೇಳಿರಲಿಲ್ಲ. ತಿಮಿಂಗಿಲ ಇನ್ನೊಮ್ಮೆ ಉಸಿರೆಳೆದುಕೊಂಡಾಗ ಅಜ್ಜಿಯ ಭುಜಗಳೂ ಮೇಲೆದ್ದವು. ರೇಡಿಯೋನ ಭುಜಗಳೂ ಎದ್ದವು. ಕತ್ತಲಲ್ಲಿ ಸಾಲು ಸಾಲು ಜನ ಅದರ ಜೊತೆಗೇ ಎಳೆದುಕೊಂಡು, ಅದರ ಜೊತೆಗೇ ಬಿಡುತ್ತಿದ್ದರು. ಅಳಿಲಿನ ಮೈಯೆಲ್ಲ ಜುಮ್ಮೆಂದಿತು. ತಾನು ಯಾವಾಗ ಕೂತೆ ಅನ್ನುವುದು ಅವಳಿಗೆ ಗೊತ್ತಾಗಲೇ ಇಲ್ಲ. ಸ್ಕಾರ್ಫು ಎಲ್ಲಿ ಬಿತ್ತೋ ಅದೂ ತಿಳಿಯಲಿಲ್ಲ. ನೀರು ಬಂದು ತಿಮಿಂಗಿಲ ತೇಲಿ ಹೋಗುವವರೆಗೂ ಅವಳು ಕಣ್ಣು ಕದಲಿಸಲಿಲ್ಲ.

ನಾಟಕ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೋಣಿ ಹುಡುಗಿ ಬಂದು ನಮಸ್ಕಾರ ಮಾಡಿದಳು, ಕ್ಯಾಪ್ಟನ್ ಬಂದ. ಕೊನೆಗೆ ಬೂದು ಬಟ್ಟೆಯ ಏಳು ಜನ ತಿಮಿಂಗಿಲವನ್ನು ತಂದು ಮೆಲ್ಲಗೆ ಕೆಳಗಿಟ್ಟರು. ಬಾಗಿ ನಮಸ್ಕರಿಸುವ ಬದಲು ಏಳೂ ಜನ ಅದರ ಕಡೆಗೇ ಕೈ ತೋರಿಸಿದರು. ಚಪ್ಪಾಳೆ ಇನ್ನೂ ಜೋರಾಯಿತು.

ರೇಡಿಯೋ ತೋಳಿನಿಂದ ಮೂಗು ಒರೆಸಿಕೊಂಡ. ಇವರಲ್ಲಿ ನಿಮ್ಮಮ್ಮ ಯಾರು ಅಂತ ಕೇಳಿದ. ಕೇಳಿದ್ದರಲ್ಲಿ ತಮಾಷೆ ಇರಲಿಲ್ಲ. ಅಳಿಲು ಬೆರಳು ಮಾಡಿ ತೋರಿಸಿದಳು. ಹಣೆಗೆ ಅಂಟಿದ ಕೂದಲು, ಬೆವರಿಗೆ ತೊಯ್ದ ಅಂಗಿ. ಅಮ್ಮ ಆಗಷ್ಟೇ ತಲೆ ಎತ್ತಿ ಮೂರನೇ ಸಾಲಿನಲ್ಲಿ ಯಾರನ್ನೋ ಹುಡುಕುತ್ತಿದ್ದಳು.

"ಅವರು ಮೊದಲಿಂದ್ಲೂ ಅಲ್ಲೇ ಇದ್ರಾ?"

"ಹೂಂ. ಉಸಿರಾಡಿಸ್ತಿದ್ದದ್ದು ಅವಳೇ."

"ನಂಗೆ ಕಾಣ್ಲೇ ಇಲ್ವಲ್ಲ," ಅಂದ ರೇಡಿಯೋ, ತಪ್ಪು ಮಾಡಿದವನ ಹಾಗೆ.

"ಕೊನೆಗೆ ನಂಗೂ ಕಾಣ್ಲಿಲ್ಲ," ಅಂದಳು ಅಳಿಲು. ಅಮ್ಮನ ಬಗ್ಗೆ ಇಷ್ಟು ಜಂಬದ ಮಾತನ್ನು ಅವಳು ಇದುವರೆಗೂ ಆಡಿರಲಿಲ್ಲ.