ದಾಸವಾಳ ಕಿತ್ತ ಸೈನ್ಸ್ ಟೀಚರ್

ವೆಂಕಟರತ್ನ ಶಿಡ್ಲಘಟ್ಟದ ಹೈಸ್ಕೂಲಿಗೆ ಸೈನ್ಸ್ ಟೀಚರಾಗಿ ಬಂದದ್ದು ೧೯೬೧ರಲ್ಲಿ. ಲ್ಯಾಬಿನ ಬೀರುವಿನಲ್ಲಿ ಲಿಟ್ಮಸ್ ಕಾಗದ ಒಂದು ಚೂರೂ ಇರಲಿಲ್ಲ. ಅದಕ್ಕೆಲ್ಲ ಎದೆಗುಂದುವ ಹುಡುಗಿಯಲ್ಲ ಅವಳು. ಸ್ಕೂಲಿನ ಪಕ್ಕದ ಮನೆಯ ಬೇಲಿಯಿಂದ ಕೆಂಪು ದಾಸವಾಳ ಕಿತ್ತು, ಬಿಸಿನೀರಲ್ಲಿ ನೆನೆಹಾಕಿ ರಸ ತೆಗೆದಳು.

ಮಧ್ಯಾಹ್ನಕ್ಕೇ ಆ ಮನೆಯ ಜಯರಾಮಪ್ಪ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ರೇಷ್ಮೆ ನೂಲು ಬಿಚ್ಚುವ ಶೆಡ್ ನಡೆಸುತ್ತಿದ್ದ ಯುವಕ.

"ನಮ್ಮಮ್ಮ ಪೂಜೆಗೆ ಬೆಳೆಸಿರೋ ಹೂವು, ಟೀಚರಮ್ಮ. ನಿಮ್ಮ ಹುಡುಗ್ರು ಕಿತ್ಬಿಟ್ಟಿದಾರೆ."

"ಹುಡುಗ್ರಲ್ಲ, ನಾನೇ. ಯಾಕೆ ಕಿತ್ತೆ ಅಂತ ಬಂದು ನೋಡಿ."

ಅವಳು ರಸಕ್ಕೆ ನಿಂಬೆಹಣ್ಣು ಹಿಂಡಿದಳು, ಕಡುಗೆಂಪಾಯಿತು. ಇನ್ನೊಂದು ಲೋಟಕ್ಕೆ ಸುಣ್ಣದ ತಿಳಿ ಬಿಟ್ಟಳು, ಹಸಿರಾಯಿತು.

"ಅದು ಆಮ್ಲ, ಇದು ಕ್ಷಾರ."

ಜಯರಾಮಪ್ಪ ನೋಡುತ್ತಿದ್ದುದು ಅವಳ ಮುಖವನ್ನು.

"ಲೋಟ ಈ ಕಡೆ ಇದೆ" ಎಂದಳು. ಅವನ ಕಿವಿ ಕೆಂಪೇರಿತು.

ವಾರದ ಮೇಲೆ ನೀರಿನ ಸೀಸೆ ಹಿಡಿದು ಮತ್ತೆ ಬಂದ. ಶೆಡ್ಡಿನಲ್ಲಿ ನೂಲು ಪದೇ ಪದೇ ತುಂಡಾಗುತ್ತಿತ್ತು. ಸಾದಲಿಯ ಮುನಿಗಂಗಪ್ಪ ಕೊಡುವ ರೇಷ್ಮೆಗೂಡೇ ಕಳಪೆಯೆಂದು, ಇನ್ನು ಅವನಿಂದ ಕೊಳ್ಳುವುದು ಬೇಡವೆಂದುಕೊಂಡಿದ್ದ.

"ಇದು ಗೂಡು ಬೇಯಿಸೋ ನೀರು. ಒಂದ್ಸಲ ನೋಡ್ತೀರಾ?"

ನೀರು ಬೀಳುತ್ತಲೇ ರಸ ಹಸಿರಾಯಿತು.

"ಯಾರೋ ಬಟ್ಟೆ ಒಗೆಯೋ ಸೋಡಾ ಸುರೀತಿದಾರೆ. ಎಳೆ ಹಿಡಿದಿರೋ ಅಂಟೆಲ್ಲ ಕರಗಿಹೋಗ್ತಿದೆ. ಪಾಪ, ಮುನಿಗಂಗಪ್ಪಂದೇನೂ ತಪ್ಪಿಲ್ಲ."

ವಿಚಾರಿಸಿದರೆ, ಬೇಗ ಬೇಯಲೆಂದು ಕೆಲಸದ ಎರ್ರಪ್ಪ ಹಿಡಿಗಟ್ಟಲೆ ಸೋಡಾ ಹಾಕುತ್ತಿದ್ದ. ಅದು ನಿಂತಿತು, ನೂಲು ತುಂಡಾಗುವುದೂ ನಿಂತಿತು. ಜಯರಾಮಪ್ಪ ಬರುವುದು ಮಾತ್ರ ನಿಲ್ಲಲಿಲ್ಲ. ಬಾವಿ ನೀರು ತಂದ, ಕೆರೆ ನೀರು ತಂದ, ಕೊನೆಗೊಂದು ದಿನ ಮಜ್ಜಿಗೆ ತಂದ.

"ಮಜ್ಜಿಗೆ ಹುಳಿ ಅನ್ನೋದಕ್ಕೆ ಲ್ಯಾಬ್ ಬೇಕಾ?"

"ಬರೋದಕ್ಕೆ ನೆಪ ಬೇಕಲ್ಲ, ಟೀಚರಮ್ಮ."

ಅವಳು ನಗು ತಡೆಯಲು ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಬೇಸಿಗೆ ರಜಕ್ಕೆ ಮುಂಚೆ ನಗರಗೆರೆಯಿಂದ ಅವಳ ತಂದೆ ವೆಂಕಟರಾಮಪ್ಪನವರ ಕಾಗದ ಬಂತು. ಚಿಂತಾಮಣಿಯ ಗಂಡಿನ ಕಡೆಯವರು ಒಪ್ಪಿದ್ದರು; ಹುಡುಗಿ ಕೆಲಸ ಬಿಡಬೇಕಂತೆ. ಅವಳು ಕೊಟ್ಟ ಕಾಗದ ಓದಿದ ಜಯರಾಮಪ್ಪನ ಮುಖ ಸಪ್ಪಗಾಯಿತು.

"ಉತ್ತರ ಏನಂತ ಬರೆದ್ರಿ?"

"ಕೆಲಸ ಬಿಡಲ್ಲ ಅಂತ. ಮನಸ್ಸಲ್ಲಿ ಬೇರೊಬ್ಬರಿದಾರೆ ಅಂತ. ಹೆಸರು ಬರೀಲಿಲ್ಲ. ಅದನ್ನ ಅವರೇ ಹೋಗಿ ಹೇಳ್ಲಿ."

ಅವನು ಕಾಗದ ಮಡಚಿ ಅವಳ ಕೈಗಿಟ್ಟ.

"ನಗರಗೆರೆಗೆ ಬಸ್ಸು ಎಷ್ಟೊತ್ತಿಗೆ?"

"ಬೆಳಿಗ್ಗೆ ಆರೂವರೆಗೆ. ಗೌರಿಬಿದನೂರಲ್ಲಿ ಬದಲಾಯಿಸ್ಬೇಕು" ಎಂದಳು, ಕಣ್ಣು ತಗ್ಗಿಸದೆ.

ರಜ ಶುರುವಾದ ಮೊದಲ ಭಾನುವಾರವೇ ಅವನು ತಾಯಿಯೊಂದಿಗೆ ನಗರಗೆರೆಯಲ್ಲಿ ಅವಳ ಮನೆಯ ಜಗಲಿಯ ಮೇಲೆ ಕೂತಿದ್ದ.

"ನಮ್ಮುಡುಗಿ ಕೆಲಸ ಬಿಡಲ್ಲ ಅಂತಾಳಪ್ಪ. ನೀನೇನಂತೀಯ?" ಎಂದರು ವೆಂಕಟರಾಮಪ್ಪ.

"ಬಿಡಿಸ್ಬೇಡಿ ಅಂತ ಕೇಳ್ಕೊಳ್ಳೋಕೇ ಬಂದಿದೀನಿ."

ವೆಂಕಟರಾಮಪ್ಪ ಒಳಗೆ ತಿರುಗಿ, "ರತ್ನಾ, ಎಲ್ರಿಗೂ ಎಲೆ ಹಾಕಮ್ಮ. ಇವರು ಊಟ ಮಾಡ್ಕೊಂಡೇ ಹೋಗ್ತಾರೆ" ಎಂದರು.