ರಾಡಿನ ಮೇಲಿನ ಗೀರು

ಅದು ಶುರುವಾದದ್ದು ಚಳಿಗಾಲದಲ್ಲಿ, ಬೆಳಿಗ್ಗೆ ಏಳೂವರೆಗೆ. ಲ್ಯಾಬಿನ ಬೀಗ ತೆಗೆಯಲು ಹೋದರೆ ಅವಳು ಮೆಟ್ಟಿಲ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿದ್ದಳು.

“ಬೀಗದ ಕೈ ನಿಮ್ಮ ಹತ್ರಾನಾ? ಅರ್ಧ ಗಂಟೆಯಿಂದ ಕಾಯ್ತಿದೀನಿ!”

ನಾನು ತಲೆ ಮಾತ್ರ ಆಡಿಸಿ ಬೀಗ ತೆಗೆದೆ. ಅವತ್ತೇ ನನಗೆ ಮೌನಸ್ವಾಮಿ ಅಂತ ಹೆಸರಿಟ್ಟಳು.

ಅವಳು ಇಂಜಿನಿಯರ್. ಸೊಂಟ ಮುರಿದವರಿಗೆ ಹಾಕುವ ರಾಡಿಗೆ ಹೊಸ ಲೋಹ ಮಾಡಿದ್ದಳು. ಮೂರು ವರ್ಷದ ದುಡಿಮೆ. ರಾಡನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ನಿಲ್ಲಿಸಿ, ಮನುಷ್ಯ ನಡೆದ ಹಾಗೆ ಮೆಷಿನ್ನು ಐವತ್ತು ಲಕ್ಷ ಸಲ ಒತ್ತಬೇಕು. ಹನ್ನೆರಡು ದಿನ. ಮುರಿಯದಿದ್ದರೆ ಪಾಸು. ನೀರು ತುಂಬುವುದು ನನ್ನ ಕೆಲಸ.

ಮೊದಲನೆಯದು ನಾಲ್ಕನೇ ದಿನ ಮುರಿಯಿತು. ಎರಡನೆಯದು ಐದನೇ ದಿನ. ಮೂರನೆಯದೂ ಅಷ್ಟೆ, ರಾಡು ಸಣ್ಣಗಾಗುವ ಅದೇ ಕತ್ತಿನ ಜಾಗದಲ್ಲಿ.

“ನನ್ನ ಹಣೆಬರಹ ನೋಡಿ, ಮೌನಸ್ವಾಮಿ. ಈ ದರಿದ್ರ ಲೋಹ ಫೇಲ್ ಅಂತ ನಾಳೆ ಬರೆದು ಕಳಿಸ್ಬಿಡ್ತೀನಿ.”

ಅವಳ ಒದ್ದೆ ಕೆನ್ನೆಗೆ ಒಂದೆಳೆ ಕೂದಲು ಅಂಟಿತ್ತು. ಸರಿಸಬೇಕೆನಿಸಿತು. ನಾನು ಬಕೆಟ್ಟಿನ ಹಿಡಿಯನ್ನೇ ಬಿಗಿಯಾಗಿ ಹಿಡಿದುಕೊಂಡೆ.

ಮುರಿದ ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ಮುರಿದದ್ದು ನಾನು ಗುರುತಿಗೆ ಹಾಕಿದ್ದ ಗೀರಿನ ಮೇಲೆಯೇ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವಳ ಮೂರು ವರ್ಷ.

“ಅಲ್ಲಿ ಗೀರಿದ್ದು ನಾನು ಮೇಡಂ. ಕಬ್ಬಿಣ ಉಜ್ಜೋ ಅರದ ಮೂಲೆಯಿಂದ. ಮೊದಲನೇದಕ್ಕೆ ಒಂದು ಗೀರು, ಎರಡನೇದಕ್ಕೆ ಎರಡು, ಮೂರನೇದಕ್ಕೆ ಮೂರು ಅಂತ. ನಿಮ್ಮ ಇಂಗ್ಲಿಷ್ ಚೀಟಿ ಓದಕ್ಕೆ ಬರಲ್ಲ, ಅದಲುಬದಲಾಗ್ಬಾರ್ದು ಅಂತ...”

ಲೆನ್ಸ್ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಮೂರೂ ಮುರಿಯೋವರ್ಗೂ ಬಾಯಿಗೇನು ಬೀಗ ಹಾಕ್ಕೊಂಡಿದ್ರಾ?”

“ಇಷ್ಟು ಸಣ್ಣ ಗೀರಿಗೆ ಮುರಿಯುತ್ತೆ ಅಂತ ಗೊತ್ತಿರ್ಲಿಲ್ಲ ಮೇಡಂ.”

ಎರಡು ದಿನ ಮಾತು ಬಿಟ್ಟಳು. ಆದರೆ ಲ್ಯಾಬಿನ ಸಾಹೇಬರಿಗೆ ದೂರು ಹೇಳಲಿಲ್ಲ. ಮೂರನೇ ದಿನ ಹೊಸ ರಾಡು ತಂದು, ಗೀರಿನ ಬದಲು ಗುರುತಿಗೆ ಅದರ ನೀರಿನ ಜಾಡಿಗೆ ಕೆಂಪು ದಾರ ಕಟ್ಟಿದಳು.

“ಬಣ್ಣನಾದ್ರೂ ಓದಕ್ಕೆ ಬರುತ್ತೆ ತಾನೆ?” ತುಟಿಯಂಚಿನಲ್ಲಿ ನಗು ಇತ್ತು.

ಹನ್ನೆರಡು ದಿನ ಎದುರುಬದುರು ಕೂತೆವು. ಲೆಕ್ಕ ಐವತ್ತು ಲಕ್ಷಕ್ಕೆ ಬಂದು ನಿಂತಿತು. ರಾಡು ನೆಟ್ಟಗಿತ್ತು.

“ಪಾಸು!” ಎಂದು ನನ್ನ ಮಣಿಕಟ್ಟು ಹಿಡಿದಳು. ಬಿಡಲಿಲ್ಲ. “ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಈಗ್ಲೇ ಹೇಳ್ಬಿಡಿ.”

ರೆಪ್ಪೆ ಬಡಿಯದೆ ಕಾದಳು. ನಾನು ಇನ್ನೊಂದು ಕೈಯಿಂದ ಬಕೆಟ್ಟು ಎಳೆದುಕೊಂಡೆ.

“ನೀರು ಖಾಲಿ ಮಾಡ್ಲಾ ಮೇಡಂ?”

ಕೈ ಬಿಟ್ಟಳು. “ಮಾಡಿ.”

ಶನಿವಾರ ಅವಳು ಲ್ಯಾಬು ಬಿಟ್ಟು ಹೊರಟುಹೋದ ಮೇಲೆ, ಮುರಿದ ರಾಡುಗಳನ್ನಿಟ್ಟಿದ್ದ ಕಪಾಟು ಒರೆಸಿದೆ. ಮುರಿದವುಗಳಲ್ಲಿ ಎರಡೇ ಇದ್ದವು. ಒಂದು ಗೀರಿದ್ದ ಮೊದಲನೆಯದನ್ನು ಅವಳು ಜೊತೆಗೊಯ್ದಿದ್ದಳು. ಜಾಡಿಯ ಕೆಂಪು ದಾರವನ್ನು ನನ್ನ ಬಕೆಟ್ಟಿನ ಹಿಡಿಗೆ ಕಟ್ಟಿದ್ದಳು.